ಉಪ್ಪು ರಾತ್ರಿಯೇ ಹಾಕಬೇಕೋ, ಬೆಳಿಗ್ಗೆಯೋ?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಶಾಲೆಯ ವಿಜ್ಞಾನ ಮೇಳಕ್ಕೆ ಪ್ರಾಜೆಕ್ಟ್ ಮಾಡಬೇಕಂತೆ. ಮೊಬೈಲಿನಲ್ಲಿ ಹುಡುಕಿದರೆ ಜ್ವಾಲಾಮುಖಿ, ಸೌರವ್ಯೂಹ, ಮಳೆಕೊಯ್ಲು ಇವೇ ಬರುತ್ತವೆ. ಹೊಸ ಐಡಿಯಾ ಎಲ್ಲಿ ಹುಡುಕಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಅಡುಗೆಮನೆಯಲ್ಲೇ ಹುಡುಕಿ. ಮನೆಯವರಲ್ಲಿ ಇಬ್ಬರು ಯಾವ ಮಾತಿಗೆ ಒಪ್ಪುವುದಿಲ್ಲವೋ ಅಲ್ಲಿ ಒಂದು ಪ್ರಾಜೆಕ್ಟ್ ಇದೆ ಎಂದೇ ಲೆಕ್ಕ.

ದೋಸೆ ಹಿಟ್ಟನ್ನೇ ನೋಡಿ. ರುಬ್ಬಿದ ಕೂಡಲೇ ಉಪ್ಪು ಹಾಕಬೇಕು ಎಂದು ಅಜ್ಜಿ. ಹಾಕಿದರೆ ಹುದುಗು ಸರಿಯಾಗಿ ಬರುವುದಿಲ್ಲ, ಬೆಳಿಗ್ಗೆ ಹಾಕಿದರಾಯಿತು ಎಂದು ಅಮ್ಮ. ನಮ್ಮ ಮನೆಯಲ್ಲಿ ಈ ವ್ಯಾಜ್ಯ ವರ್ಷಗಟ್ಟಲೆ ನಡೆದು, ಅಜ್ಜಿ ತೀರಿಕೊಂಡ ಮೇಲೆ ವಾದಿಯಿಲ್ಲದೆ ವಜಾ ಆಯಿತು. ಅಷ್ಟು ವರ್ಷದಲ್ಲಿ ಯಾರೂ ಒಂದು ದಿನ ಅಳೆದು ನೋಡಲಿಲ್ಲ.

ನಿಮ್ಮ ಮಗಳು ಅಳೆಯಲಿ. ಒಂದೇ ಪಾತ್ರೆಯ ಹಿಟ್ಟನ್ನು ಒಂದೇ ಅಳತೆಯ ನಾಲ್ಕು ಗಾಜಿನ ಲೋಟಗಳಿಗೆ ಮೂರನೇ ಒಂದು ಭಾಗದಷ್ಟು ಸುರಿಯಲಿ. ಒಂದರಲ್ಲಿ ಉಪ್ಪಿಲ್ಲ, ಉಳಿದವಕ್ಕೆ ಕಾಲು, ಅರ್ಧ, ಒಂದು ಚಮಚ. ಲೋಟದ ಹೊರಗೆ ಕಾಗದದ ಪಟ್ಟಿ ಅಂಟಿಸಿ ಹಿಟ್ಟಿನ ಮಟ್ಟಕ್ಕೆ ಗೆರೆ ಹಾಕಲಿ. ನಾಲ್ಕೂ ಒಂದೇ ಜಾಗದಲ್ಲಿರಲಿ, ಒಂದು ಒಲೆಯ ಪಕ್ಕ ಇನ್ನೊಂದು ಕಿಟಕಿಯ ಪಕ್ಕ ಆಗಬಾರದು. ಮಲಗುವ ಮುಂಚೆ ಒಂದು ಗೆರೆ, ಎದ್ದ ಕೂಡಲೇ ಇನ್ನೊಂದು. ಎಷ್ಟು ಮಿಲಿಮೀಟರ್ ಏರಿತು ಎಂದು ಸ್ಕೇಲಿನಲ್ಲಿ ಅಳೆದು ಬರೆದರೆ ಸಾಕು. ಒಂದು ರಾತ್ರಿಯದು ಆಕಸ್ಮಿಕವೂ ಆಗಿರಬಹುದು, ಹಾಗಾಗಿ ಮೂರು ರಾತ್ರಿ ಮಾಡಲಿ. (ಮೂರು ದಿನ ದೋಸೆ ತಿನ್ನುವ ಶಿಕ್ಷೆ ನಿಮಗೆ.)

ಹಿಟ್ಟು ಏಕೆ ಏರುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಕ್ಕಿ, ಉದ್ದಿನ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತವೆ. ಹುಳಿ ಆಮ್ಲದಿಂದ, ಉಬ್ಬು ಅನಿಲದಿಂದ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಉಪ್ಪಿನಿಂದ ಏನಾಗುತ್ತದೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಹೇಳಿಬಿಟ್ಟರೆ ಪ್ರಾಜೆಕ್ಟ್ ನನ್ನದಾಗುತ್ತದೆ.

ಉಪ್ಪು ಬೇಡವೆಂದರೆ ಅರಿಶಿನ ಇದೆ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದು, ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುವುದು ಎಲ್ಲರಿಗೂ ಗೊತ್ತು. ಅರಿಶಿನ ಬಳಿದು ಒಣಗಿಸಿದ ಕಾಗದದ ಮೇಲೆ ಮನೆಯ ಒಂದೊಂದು ಸೋಪಿನ ನೀರನ್ನೂ ತೊಟ್ಟಿಕ್ಕಿಸಿ ನೋಡಿದರೆ ಯಾವುದರಲ್ಲಿ ಕ್ಷಾರ ಹೆಚ್ಚು ಎಂಬ ಅಂದಾಜು ಸಿಗುತ್ತದೆ.

ಜ್ವಾಲಾಮುಖಿಯ ವಿಷಯಕ್ಕೆ ಬಂದರೆ, ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರೆ ನೊರೆ ಬರುವುದಕ್ಕೂ ನಿಜವಾದ ಜ್ವಾಲಾಮುಖಿಗೂ ಸಂಬಂಧವೇ ಇಲ್ಲ. ನಾನೊಮ್ಮೆ ತೀರ್ಪುಗಾರನಾಗಿ ಹೋಗಿದ್ದ ಶಾಲೆಯೊಂದರಲ್ಲಿ ಸಾಲಾಗಿ ನಿಂತಿದ್ದ ಥರ್ಮಾಕೋಲ್ ಬೆಟ್ಟಗಳ ಪೈಕಿ ಒಂದರ ಬಳಿ ನಿಂತು, ಇದನ್ನು ಹೇಗೆ ಮಾಡಿದೆ ಎಂದು ಕೇಳಿದೆ. "ಅಪ್ಪ ಅಂಗಡಿಯಿಂದ ತಂದರು ಸಾರ್" ಎಂದ ಹುಡುಗ. ಪಾಪ, ಸುಳ್ಳು ಹೇಳಲಿಲ್ಲ.

ಮಗಳಿಗೆ ರುಚಿ ಹತ್ತಿದರೆ ಮುಂದೆ 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಹಿಡಿದು ಅಲ್ಲಿ ಅಧ್ಯಯನ ಮಾಡುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯ ಗ್ರಂಥಾಲಯದಲ್ಲಿದ್ದರೆ ತಂದು ಓದಲಿ.

ಟಿಪ್ಪಣಿ ಪುಸ್ತಕ ಅವಳ ಕೈಬರಹದಲ್ಲೇ ಇರಲಿ, ಚಿತ್ತು ಕಾಟು ಇದ್ದರೂ ಚಿಂತೆಯಿಲ್ಲ. ಮೇಳ ಚಳಿಗಾಲದಲ್ಲಿದ್ದರೆ ಒಂದು ವಾರ ಮುಂಚೆಯೇ ಶುರುಮಾಡಿ. ಚಳಿಯಲ್ಲಿ ಹಿಟ್ಟು ಬೇಗ ಏಳುವುದಿಲ್ಲ.