ಆದೇಶದ ಮೇರೆಗೆ ತಯಾರಾಗುವ ಲೋಹದ ಬಿಡಿಭಾಗಗಳ ವೆಚ್ಚ: ಒಂದು ವಿಶ್ಲೇಷಣೆ

ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಒಂದೇ ಡ್ರಾಯಿಂಗನ್ನು ಮೂರು ವರ್ಕ್‌ಷಾಪ್‌ಗಳಿಗೆ ಕೊಟ್ಟು ದರ ಕೇಳಿದರೆ ಮೂರು ಬೇರೆ ಬೇರೆ ದರಗಳು ಬರುವುದು ಸಾಮಾನ್ಯ. ಕೊಳ್ಳುವವರು ಅವುಗಳಲ್ಲಿ ಕಡಿಮೆಯದನ್ನು ಆರಿಸುತ್ತಾರೆ. ಮಾಡಿಕೊಡುವವರು ಕೆಲಸ ಕೈತಪ್ಪಬಾರದೆಂದು ಪಕ್ಕದ ಷೆಡ್ಡಿನ ದರಕ್ಕಿಂತ ಹತ್ತು ರೂಪಾಯಿ ಕಡಿಮೆ ಬರೆಯುತ್ತಾರೆ. ಕೆಲವು ತಿಂಗಳ ನಂತರ ಒಬ್ಬರಿಗೆ ಮಾಲು ಸರಿಯಾಗಿ ಬರಲಿಲ್ಲವೆಂಬ ಅಸಮಾಧಾನ, ಇನ್ನೊಬ್ಬರಿಗೆ ಯಂತ್ರ ಹಗಲಿಡೀ ಓಡಿದರೂ ಬ್ಯಾಂಕಿನ ಕಂತಿಗೆ ಹಣ ಸಾಲದೆಂಬ ಚಿಂತೆ. ಇದಕ್ಕೆ ಮುಖ್ಯ ಕಾರಣ, ಬೆಲೆಯನ್ನು ಕುರಿತು ಚೌಕಾಸಿ ನಡೆಯುತ್ತದೆಯೇ ಹೊರತು ವೆಚ್ಚವನ್ನು ಕುರಿತು ಲೆಕ್ಕ ನಡೆಯುವುದಿಲ್ಲ.

ಯಂತ್ರಗೆಲಸದ ಬಿಡಿಭಾಗದ ವೆಚ್ಚದ ಬಹುಭಾಗವು ಯಂತ್ರ ಚಾಲನೆಗೊಳ್ಳುವ ಮುನ್ನವೇ, ಡ್ರಾಯಿಂಗ್ ಮತ್ತು ಖರೀದಿ ಆದೇಶದಲ್ಲಿಯೇ ನಿರ್ಧಾರವಾಗಿರುತ್ತದೆ. ಇದನ್ನು ಅರಿತವರು ಯಾರ ಲಾಭವನ್ನೂ ಕಡಿತಗೊಳಿಸದೆ ಬೆಲೆಯನ್ನು ಇಳಿಸಬಲ್ಲರು. ಈ ಸಂಗತಿಯನ್ನು ಒಂದು ಸರಳ ಉದಾಹರಣೆಯ ಮೂಲಕ ಪರಿಶೀಲಿಸಬಹುದು.

ಕೃಷಿ ಯಂತ್ರಗಳ ಬಿಡಿಭಾಗ ಮಾರುವ ವ್ಯಾಪಾರಿಯೊಬ್ಬರಿಗೆ ಇ.ಎನ್.8 ಉಕ್ಕಿನ ಒಂದು ಶಾಫ್ಟ್ ಬೇಕಾಗಿದೆ ಎಂದು ಭಾವಿಸೋಣ. ಅದರ ಒಟ್ಟು ಉದ್ದ 150 ಮಿ.ಮೀ. ಅದರಲ್ಲಿ 120 ಮಿ.ಮೀ. ಉದ್ದದ ಭಾಗದ ವ್ಯಾಸ 30 ಮಿ.ಮೀ.; ಉಳಿದ 30 ಮಿ.ಮೀ. ಭಾಗವು 46 ಮಿ.ಮೀ. ವ್ಯಾಸದ ಕಾಲರ್. ಮುಂದೆ ಬಳಸಿರುವ ದರಗಳು ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಓದುಗರು ಅವುಗಳ ಜಾಗದಲ್ಲಿ ತಮ್ಮ ಊರಿನ ದರಗಳನ್ನು ಇಟ್ಟುಕೊಳ್ಳಬೇಕು.

1. ಕಚ್ಚಾ ಸಾಮಗ್ರಿ

ದುಂಡು ಉಕ್ಕಿನ ತೂಕಕ್ಕೆ ಎಲ್ಲರಿಗೂ ಪರಿಚಿತವಾದ ಸೂತ್ರವಿದೆ: ಮಿ.ಮೀ.ನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂಗಳಲ್ಲಿ ದೊರೆಯುತ್ತದೆ. ಮೇಲಿನ ಶಾಫ್ಟಿಗೆ 50 ಮಿ.ಮೀ. ರಾಡ್ ಬೇಕು. ಅದರ ತೂಕ ಮೀಟರಿಗೆ 15.43 ಕಿ.ಗ್ರಾಂ. ಎರಡೂ ತುದಿಗಳ ಫೇಸಿಂಗ್ ಮತ್ತು ಗರಗಸದ ಕಡಿತ ಸೇರಿ ಒಂದು ತುಂಡಿಗೆ 158 ಮಿ.ಮೀ. ಉದ್ದ ಹಿಡಿದರೆ 2.44 ಕಿ.ಗ್ರಾಂ ಆಗುತ್ತದೆ. ಸಿದ್ಧವಾದ ಶಾಫ್ಟಿನ ತೂಕವಾದರೋ 1.06 ಕಿ.ಗ್ರಾಂ ಮಾತ್ರ. ಎಂದರೆ ಕೊಂಡ ಉಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ಚೂರಾಗಿ ಗುಜರಿಗೆ ಹೋಗುತ್ತದೆ. ಉಕ್ಕಿಗೆ ಕಿಲೋಗೆ 80 ರೂ., ಚೂರಿಗೆ 25 ರೂ. ಎಂದು ಹಿಡಿದರೆ ನಿವ್ವಳ ಸಾಮಗ್ರಿ ವೆಚ್ಚ ಸುಮಾರು 160 ರೂ.

ಸಿದ್ಧವಸ್ತುವನ್ನು ತಕ್ಕಡಿಯಲ್ಲಿಟ್ಟು ಕಿಲೋ ಲೆಕ್ಕದಲ್ಲಿ ದರ ಕೇಳುವ ರೂಢಿ ಏಕೆ ತಪ್ಪು ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಮಾಡಿಕೊಡುವವರು ಕೊಂಡದ್ದು 2.44 ಕಿಲೋ, ಅದರ ಮೇಲೆ ಚೂರು ತೆಗೆಯುವ ಯಂತ್ರದ ಸಮಯವೂ ಅವರದೇ.

ಇಲ್ಲಿ ಕೇಳಬೇಕಾದ ಪ್ರಶ್ನೆ, ಆ ಕಾಲರ್ ಏತಕ್ಕೆ ಎಂಬುದು. ಬೇರಿಂಗ್ ಸರಿಯದಂತೆ ತಡೆಯುವುದಷ್ಟೇ ಅದರ ಕೆಲಸವಾಗಿದ್ದು, ಅದರ ಮೇಲೆ ಬೀಳುವ ಒತ್ತಡ ಹೆಚ್ಚಿಲ್ಲದಿದ್ದರೆ, ಗಾಡಿ ಕೊರೆದು ಸರ್ಕ್ಲಿಪ್ ಹಾಕಿದರೆ ಸಾಕಾಗಬಹುದು. ಆಗ 32 ಮಿ.ಮೀ. ರಾಡ್ ಸಾಕು, ತೂಕ 2.44ರಿಂದ 1 ಕಿಲೋಗೆ ಇಳಿಯುತ್ತದೆ, ಯಂತ್ರದ ಸಮಯವೂ ಉಳಿಯುತ್ತದೆ. ಈ ಬದಲಾವಣೆ ಸಾಧ್ಯವೇ ಎಂಬುದನ್ನು ವಿನ್ಯಾಸ ಮಾಡಿದವರೇ ತೀರ್ಮಾನಿಸಬೇಕು. ಆದರೆ ಪ್ರಶ್ನೆ ಕೇಳುವುದಕ್ಕೆ ಖರ್ಚಿಲ್ಲ.

ಲೋಹದ ಆಯ್ಕೆಯಲ್ಲಿಯೂ ಕಿಲೋ ದರವೊಂದೇ ಮಾನದಂಡವಲ್ಲ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ, ಅಲ್ಯೂಮಿನಿಯಮ್ಮಿನದು 2.7 ಗ್ರಾಂ. ಕಿಲೋ ದರ ಹೆಚ್ಚೆನಿಸಿದರೂ ಅದೇ ಗಾತ್ರದ ತುಂಡಿಗೆ ಅಲ್ಯೂಮಿನಿಯಂ ಮೂರರಲ್ಲೊಂದು ಭಾಗದಷ್ಟು ತೂಕ ಸಾಕು. ಕೊರೆಯುವ ವೇಗವೂ ಹೆಚ್ಚು. ಸ್ಟೇನ್‌ಲೆಸ್ 304 ಇದಕ್ಕೆ ವಿರುದ್ಧ. ಟೂಲ್ ತಾಗಿದಲ್ಲೆಲ್ಲ ಗಡುಸಾಗುವ ಗುಣ ಅದರದು. ವೇಗ ತಗ್ಗಿಸಬೇಕು, ಇನ್ಸರ್ಟ್‌ಗಳು ಬೇಗ ಸವೆಯುತ್ತವೆ. ತುಕ್ಕಿನ ಭಯವಿಲ್ಲದ ಜಾಗಕ್ಕೂ ಸ್ಟೇನ್‌ಲೆಸ್ ಕೇಳುವುದು ಎರಡು ಬಗೆಯಲ್ಲಿ ದುಬಾರಿ.

2. ಯಂತ್ರದ ಗಂಟೆ ದರ

ಸಣ್ಣ ಉತ್ಪಾದಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. 20 ಲಕ್ಷ ರೂ. ಬೆಲೆಯ ಸಿ.ಎನ್.ಸಿ. ಲೇತ್ ಒಂದರ ವಾರ್ಷಿಕ ಖರ್ಚನ್ನು ಹೀಗೆ ಹಿಡಿಯೋಣ: ಹತ್ತು ವರ್ಷಗಳ ಲೆಕ್ಕದಲ್ಲಿ ಸವಕಳಿ 2 ಲಕ್ಷ, ಬಡ್ಡಿ 1.2 ಲಕ್ಷ, ಸಂಬಳ 3 ಲಕ್ಷ, ಷೆಡ್ಡಿನ ಬಾಡಿಗೆ 1 ಲಕ್ಷ, ವಿದ್ಯುತ್ 80 ಸಾವಿರ, ದುರಸ್ತಿ, ಕೂಲೆಂಟ್, ವಿಮೆ ಇತ್ಯಾದಿ 1 ಲಕ್ಷ. ಒಟ್ಟು 9 ಲಕ್ಷ ರೂ.

ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆಯಂತೆ 2,400 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 375 ರೂ. ಬರುತ್ತದೆ. ಆದರೆ ವಿದ್ಯುತ್ ಕಡಿತ, ದುರಸ್ತಿ, ಸಾಮಗ್ರಿಗಾಗಿ ಕಾಯುವಿಕೆ, ಆದೇಶವಿಲ್ಲದ ದಿನಗಳು ಇವೆಲ್ಲ ಕಳೆದು ಬಿಲ್ ಮಾಡಬಹುದಾದದ್ದು ನೂರಕ್ಕೆ 75 ಭಾಗ, ಅಂದರೆ 1,800 ಗಂಟೆ ಎಂದಿಟ್ಟುಕೊಂಡರೆ ನಿಜವಾದ ದರ 500 ರೂ. ಯಂತ್ರ ನಿಂತಾಗ ವಿದ್ಯುತ್ತಿನ ಖರ್ಚು ತಗ್ಗಬಹುದು. ಬಡ್ಡಿ, ಬಾಡಿಗೆ, ಸಂಬಳ ತಗ್ಗುವುದಿಲ್ಲ. 375ರ ದರದಲ್ಲಿ ಕೆಲಸ ಒಪ್ಪಿಕೊಂಡವರು ಗಂಟೆಗೆ 125 ರೂ.ನಂತೆ ವರ್ಷಕ್ಕೆ 2.25 ಲಕ್ಷ ರೂ. ಕಳೆದುಕೊಳ್ಳುತ್ತಾರೆ. ಮೊದಲ ಕೆಲವು ವರ್ಷ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಸವಕಳಿಯ ಹಣವನ್ನು ಯಾರೂ ಪ್ರತಿ ತಿಂಗಳು ಕೈಯಿಂದ ಕೊಡುವುದಿಲ್ಲ. ಹಳೆಯ ಯಂತ್ರ ಬದಲಿಸಬೇಕಾದ ದಿನ ಅದು ಎದುರಿಗೆ ನಿಲ್ಲುತ್ತದೆ.

3. ಸೆಟಿಂಗ್ ಮತ್ತು ಆದೇಶದ ಸಂಖ್ಯೆ

ಪ್ರೋಗ್ರಾಂ ಬರೆಯುವುದು, ಟೂಲ್‌ಗಳನ್ನು ಜೋಡಿಸುವುದು, ಚಕ್ಕಿನ ಜಾ ಸರಿಪಡಿಸುವುದು, ಮೊದಲ ತುಂಡನ್ನು ಅಳೆದು ತಿದ್ದುವುದು ಇವೆಲ್ಲ ಸೆಟಿಂಗ್. ಒಂದು ತುಂಡಿಗೂ ಸಾವಿರ ತುಂಡಿಗೂ ಇದು ಹೆಚ್ಚುಕಡಿಮೆ ಒಂದೇ. ನಮ್ಮ ಶಾಫ್ಟಿಗೆ ಮೂರು ಗಂಟೆ ಹಿಡಿದರೆ 1,500 ರೂ. ತುಂಡೊಂದಕ್ಕೆ 12 ನಿಮಿಷದ ಯಂತ್ರದ ಸಮಯಕ್ಕೆ 100 ರೂ., ಇನ್ಸರ್ಟ್ ಸವೆತಕ್ಕೆ 10 ರೂ., ಬರ್ ತೆಗೆದು ಅಳತೆ ನೋಡಿ ಎಣ್ಣೆ ಹಚ್ಚಿ ಕಟ್ಟಲು 20 ರೂ. ಸಾಮಗ್ರಿಯ 160 ಸೇರಿಸಿದರೆ 290 ರೂ. ಇದರ ಮೇಲೆ ಸೆಟಿಂಗ್ ಹಂಚಿಕೆಯಾಗಬೇಕು.

5 ತುಂಡುಗಳ ಆದೇಶದಲ್ಲಿ ಸೆಟಿಂಗ್ ತಲಾ 300 ರೂ.; ವೆಚ್ಚ 590 ರೂ.
50 ತುಂಡುಗಳಲ್ಲಿ ತಲಾ 30 ರೂ.; ವೆಚ್ಚ 320 ರೂ.
500 ತುಂಡುಗಳಲ್ಲಿ ತಲಾ 3 ರೂ.; ವೆಚ್ಚ 293 ರೂ.

ಲಾಭಾಂಶ ಇದರಲ್ಲಿ ಸೇರಿಲ್ಲ. ಈ ಮೂರು ಸಾಲುಗಳಲ್ಲಿ ಕೊಳ್ಳುವವರಿಗೆ ಎರಡು ಪಾಠಗಳಿವೆ. 5ರಿಂದ 50ಕ್ಕೆ ಹೋದರೆ ತುಂಡಿಗೆ 270 ರೂ. ಉಳಿತಾಯ, ಆದ್ದರಿಂದ ಬಿಡಿಬಿಡಿಯಾಗಿ ಆದೇಶ ಕೊಡುವುದಕ್ಕಿಂತ ಕೆಲವು ತಿಂಗಳ ಬೇಡಿಕೆಯನ್ನು ಒಟ್ಟುಗೂಡಿಸುವುದು ಲೇಸು. ಆದರೆ 50ರಿಂದ 500ಕ್ಕೆ ಹೋದರೆ ಉಳಿಯುವುದು ಬರೀ 27 ರೂ. ವರ್ಷಕ್ಕೆ 50 ಶಾಫ್ಟ್ ಮಾರುವ ವ್ಯಾಪಾರಿ ಈ 27 ರೂ. ಆಸೆಗೆ 500 ಮಾಡಿಸಿದರೆ 16,000 ರೂ. ಬದಲು 1,46,500 ರೂ. ತೊಡಗಿಸಿ, ಹತ್ತು ವರ್ಷದ ಸರಕನ್ನು ಗೋದಾಮಿನಲ್ಲಿ ತುಕ್ಕಿಗೆ ಒಪ್ಪಿಸಿದಂತಾಗುತ್ತದೆ.

4. ಟಾಲರೆನ್ಸ್ ಎಂಬ ಅದೃಶ್ಯ ವೆಚ್ಚ

ಅಳತೆಯಲ್ಲಿ ಎಷ್ಟು ವ್ಯತ್ಯಾಸವನ್ನು ಒಪ್ಪಬಹುದೆಂಬ ಮಿತಿಯೇ ಟಾಲರೆನ್ಸ್. ಮಿತಿ ಬಿಗಿಯಾದಷ್ಟೂ ವೆಚ್ಚ ಏರುತ್ತದೆ. ಡ್ರಾಯಿಂಗಿನಲ್ಲಿ ಬೇರೆಯಾಗಿ ಸೂಚಿಸದ ಅಳತೆಗಳಿಗೆ ಭಾರತೀಯ ಮಾನಕ ಐ.ಎಸ್. 2102 ಸಾಮಾನ್ಯ ಟಾಲರೆನ್ಸ್‌ಗಳನ್ನು ಕೊಡುತ್ತದೆ. ಅದರ ಮಧ್ಯಮ ದರ್ಜೆಯಲ್ಲಿ 30ರಿಂದ 120 ಮಿ.ಮೀ.ವರೆಗಿನ ಅಳತೆಗೆ 0.3 ಮಿ.ಮೀ. ಹೆಚ್ಚು ಅಥವಾ ಕಡಿಮೆ ಇರಬಹುದು. ಸಾಮಾನ್ಯ ಲೇತ್ ಇದನ್ನು ಸಲೀಸಾಗಿ ಸಾಧಿಸುತ್ತದೆ.

ಬೇರಿಂಗ್ ಕೂರುವ ಜಾಗದ ಮಾತು ಬೇರೆ. 30 ಮಿ.ಮೀ. ಶಾಫ್ಟಿಗೆ ಕೆ6 ದರ್ಜೆ ಕೇಳಿದರೆ ವ್ಯಾಸವು 30.002ರಿಂದ 30.015 ಮಿ.ಮೀ. ಒಳಗೆ, ಎಂದರೆ ಕೇವಲ 13 ಮೈಕ್ರಾನ್ ಅಂತರದಲ್ಲಿರಬೇಕು. ಇದಕ್ಕೆ ಸಾಮಾನ್ಯವಾಗಿ ಗ್ರೈಂಡಿಂಗ್ ಬೇಕಾಗುತ್ತದೆ. ಗ್ರೈಂಡಿಂಗಿಗೆ ನಿಮಿಷಕ್ಕೆ 8 ರೂ. ಹಿಡಿದರೆ, 20 ಮಿ.ಮೀ. ಉದ್ದದ ಬೇರಿಂಗ್ ಜಾಗಕ್ಕೆ ಐದು ನಿಮಿಷದಲ್ಲಿ 40 ರೂ. ಇದು ಅವಶ್ಯಕವಾದ ಖರ್ಚು. ಆದರೆ ‘ಎಲ್ಲ ಅಳತೆಗಳೂ 0.01 ಮಿ.ಮೀ. ಒಳಗಿರಲಿ’ ಎಂದು ಡ್ರಾಯಿಂಗಿನ ಮೂಲೆಯಲ್ಲಿ ಒಂದು ಸಾಲು ಬರೆದರೆ ಇಡೀ ಶಾಫ್ಟನ್ನು ಗ್ರೈಂಡ್ ಮಾಡಬೇಕು. ಅದಕ್ಕೆ 20 ನಿಮಿಷ ಹಿಡಿದರೆ 160 ರೂ. 50 ತುಂಡುಗಳ ಆದೇಶದಲ್ಲಿ 320 ರೂ. ಇದ್ದ ವಸ್ತು, ಆ ಒಂದು ಸಾಲಿನಿಂದ 480 ರೂ. ಆಗುತ್ತದೆ, ತಪಾಸಣೆ ಮತ್ತು ತಿರಸ್ಕೃತ ಮಾಲಿನ ಖರ್ಚು ಬೇರೆ. ಎಲ್ಲಿ ಇನ್ನೊಂದು ಭಾಗ ಕೂರುತ್ತದೆಯೋ ಅಲ್ಲಿ ಮಾತ್ರ ಬಿಗಿ ಅಳತೆ, ಉಳಿದೆಡೆ ಸಾಮಾನ್ಯ ಟಾಲರೆನ್ಸ್ ಎಂಬುದು ಒಳ್ಳೆಯ ಡ್ರಾಯಿಂಗಿನ ಲಕ್ಷಣ.

5. ಆಕಾರ ಮತ್ತು ಹಿಡಿತ

ತುಂಡನ್ನು ಬಿಚ್ಚಿ ಮತ್ತೊಂದು ಬದಿಗೆ ಹಿಡಿದ ಪ್ರತಿ ಸಲವೂ ಸಮಯ ಹೋಗುತ್ತದೆ, ಅಳತೆ ತಪ್ಪುವ ಸಂಭವವೂ ಹೆಚ್ಚುತ್ತದೆ. ಎಲ್ಲ ರಂಧ್ರಗಳನ್ನೂ ಒಂದೇ ಬದಿಯಿಂದ ಕೊರೆಯುವಂತಿದ್ದರೆ ಒಂದು ಹಿಡಿತ ಉಳಿಯಬಹುದು. ಮಿಲ್ಲಿಂಗ್ ಕಟರ್ ದುಂಡಗಿರುವುದರಿಂದ ಒಳಮೂಲೆಗಳು ದುಂಡಾಗಿಯೇ ಬರುತ್ತವೆ. ಚೂಪಾದ ಒಳಮೂಲೆ ಬೇಕೆಂದರೆ ವೈರ್‌ಕಟ್ ಅಥವಾ ಸ್ಪಾರ್ಕ್ ಯಂತ್ರಕ್ಕೆ ಕಳುಹಿಸಬೇಕು. ಕಿರಿದಾದ ಆಳ ರಂಧ್ರ, ತೆಳು ಗೋಡೆ, ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗದ ಅಳತೆಯ ಡ್ರಿಲ್ ಇವೂ ವೆಚ್ಚವನ್ನು ಏರಿಸುತ್ತವೆ. ಉಕ್ಕಿನಲ್ಲಿ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟಿಗಿಂತ ಆಳವಾಗಿ ಮರೆ ಹಾಕಿಸಿದರೆ ಬಲ ಹೆಚ್ಚುವುದು ಅತ್ಯಲ್ಪ. ಟ್ಯಾಪ್ ಮುರಿಯುವ ಭಯ ಮಾತ್ರ ಹೆಚ್ಚು.

6. ಹೊರಗಿನ ಕೆಲಸಗಳು

ಶಾಖೋಪಚಾರ ಮತ್ತು ಪ್ಲೇಟಿಂಗ್ ಮಾಡುವವರು ಹಲವೆಡೆ ಕನಿಷ್ಠ ಮೊತ್ತವೊಂದನ್ನು ವಿಧಿಸುತ್ತಾರೆ. ಐದು ತುಂಡಿಗೂ ಅದೇ, ಐವತ್ತಕ್ಕೂ ಅದೇ. ಸಾಗಣೆ ಮತ್ತು ಕಾಯುವ ದಿನಗಳು ಇದಕ್ಕೆ ಸೇರುತ್ತವೆ. ಸತುವಿನ ಲೇಪನವನ್ನು ಕೇಳುವಾಗ ಅಳತೆ ಲೇಪನಕ್ಕೆ ಮುಂಚಿನದೋ ನಂತರದ್ದೋ ಎಂಬುದನ್ನು ಬರೆಯಬೇಕು. 8 ಮೈಕ್ರಾನ್ ಲೇಪನ ಎರಡೂ ಬದಿ ಸೇರಿ ವ್ಯಾಸವನ್ನು 16 ಮೈಕ್ರಾನ್ ಹೆಚ್ಚಿಸುತ್ತದೆ. ಮೇಲೆ ಹೇಳಿದ 13 ಮೈಕ್ರಾನ್ ಮಿತಿಯನ್ನು ಮೀರಲು ಅಷ್ಟೇ ಸಾಕು. ಕೊನೆಯ ಹಂತದಲ್ಲಿ ತಿರಸ್ಕೃತವಾದ ತುಂಡಿನೊಡನೆ ಅದುವರೆಗಿನ ಎಲ್ಲ ಖರ್ಚೂ ಹೋಗುತ್ತದೆ.

7. ಕೊಟೇಷನ್‌ಗಳ ಹೋಲಿಕೆ

ಮೂರು ದರಗಳನ್ನು ಹೋಲಿಸುವ ಮುನ್ನ ಅವು ಒಂದೇ ಕೆಲಸಕ್ಕೆ ಸಂಬಂಧಿಸಿವೆಯೇ ಎಂದು ನೋಡಬೇಕು. ಸಾಮಗ್ರಿ ಯಾರದು? ಚೂರು ಯಾರಿಗೆ ಸೇರಬೇಕು? ಸೆಟಿಂಗ್ ಪ್ರತ್ಯೇಕವೋ ಸೇರಿದೆಯೋ? ಸಾಮಗ್ರಿಯ ಪರೀಕ್ಷಾ ಪ್ರಮಾಣಪತ್ರ, ಅಳತೆಯ ವರದಿ, ಸಾಗಣೆ, ತೆರಿಗೆ ಒಳಗೊಂಡಿವೆಯೇ? ಬೆಲೆಯನ್ನು ಸಾಮಗ್ರಿ, ಸೆಟಿಂಗ್, ಯಂತ್ರಗೆಲಸ, ಹೊರಗಿನ ಕೆಲಸ ಎಂದು ನಾಲ್ಕು ಸಾಲುಗಳಲ್ಲಿ ಬಿಡಿಸಿ ಕೇಳಿದರೆ ವ್ಯತ್ಯಾಸ ಎಲ್ಲಿದೆಯೆಂದು ತಾನೇ ತಿಳಿಯುತ್ತದೆ. ಸಾಮಗ್ರಿಯ ಸಾಲಿನಲ್ಲಿಯೇ ದರ ಬಹಳ ಕಡಿಮೆಯಿದ್ದರೆ ಕೇಳಿದ ದರ್ಜೆಯ ಉಕ್ಕೇ ಬರುತ್ತದೆಯೇ ಎಂದು ವಿಚಾರಿಸುವುದು ವಿವೇಕ.

ಹಣ ಪಾವತಿಯ ಅವಧಿಯೂ ಬೆಲೆಯ ಒಂದು ಭಾಗ. ವರ್ಷಕ್ಕೆ ಶೇ. 12 ಬಡ್ಡಿಯಾದರೆ ಮೂರು ತಿಂಗಳ ಸಾಲಕ್ಕೆ ಶೇ. 3 ವೆಚ್ಚ, ತೆಳು ಲಾಭದ ಜಾಬ್ ವರ್ಕ್‌ನಲ್ಲಿ ಇದು ಸಣ್ಣ ಮೊತ್ತವಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ 15ನೆಯ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಒಪ್ಪಂದವಿದ್ದರೂ 45 ದಿನಗಳಿಗೆ ಮೀರದಂತೆ ಹಣ ಕೊಡಬೇಕು. ತಪ್ಪಿದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಗೆ ಬಾಧ್ಯರಾಗುತ್ತಾರೆ. ಸಕಾಲದಲ್ಲಿ ಹಣ ಕೊಡುವ ಗ್ರಾಹಕರಿಗೆ ಕಡಿಮೆ ದರ ಕೊಡಲು ಉತ್ಪಾದಕರಿಗೆ ನಿಜವಾದ ಕಾರಣವಿದೆ.

ಉಪಸಂಹಾರ

ಮೇಲಿನ ಶಾಫ್ಟಿನ ಲೆಕ್ಕವನ್ನು ಮತ್ತೆ ನೋಡಿದರೆ, ಕಾಲರ್ ಅನ್ನು ಪ್ರಶ್ನಿಸಿದ್ದು, ಆದೇಶವನ್ನು 50ಕ್ಕೆ ಒಟ್ಟುಗೂಡಿಸಿದ್ದು, ಬಿಗಿ ಅಳತೆಯನ್ನು ಬೇರಿಂಗ್ ಜಾಗಕ್ಕಷ್ಟೇ ಸೀಮಿತಗೊಳಿಸಿದ್ದು ಈ ಮೂರರಲ್ಲಿಯೇ ನೂರಾರು ರೂಪಾಯಿಗಳಿವೆ. ಹತ್ತು ರೂಪಾಯಿಗಾಗಿ ಗಂಟೆಗಟ್ಟಲೆ ನಡೆಯುವ ಚೌಕಾಸಿ ಇದರ ಮುಂದೆ ಅಲ್ಪ. ಆದ್ದರಿಂದ ವ್ಯಾಪಾರಿಗಳು ಡ್ರಾಯಿಂಗ್ ಅಂತಿಮಗೊಳ್ಳುವ ಮೊದಲೇ ಮಾಡಿಕೊಡುವವರನ್ನು ಕೂರಿಸಿಕೊಂಡು ಚರ್ಚಿಸುವುದೂ, ಉತ್ಪಾದಕರು ತಮ್ಮ ಗಂಟೆ ದರವನ್ನು ವರ್ಷಕ್ಕೊಮ್ಮೆಯಾದರೂ ಕಾಗದದ ಮೇಲೆ ಬರೆದು ನೋಡುವುದೂ ಅವಶ್ಯಕ. ದರ ಬರೆಯುವ ಮುನ್ನ ವೆಚ್ಚ ಬರೆಯುವ ಅಭ್ಯಾಸ ಬೆಳೆದರೆ ಕೊಳ್ಳುವವರಿಗೂ ಮಾಡಿಕೊಡುವವರಿಗೂ ಮುಂದಿನ ವರ್ಷವೂ ವ್ಯವಹಾರ ಉಳಿಯುತ್ತದೆ.