ಮಕ್ಕಳಲ್ಲಿ ಕಾವ್ಯಾಭಿರುಚಿ

ತೊಟ್ಟಿಲಲ್ಲಿ ಮಲಗಿದ ಕೂಸು ಜೋಗುಳದ ಒಂದು ಪದದ ಅರ್ಥವನ್ನೂ ಅರಿಯದು. ಆದರೂ ಹಾಡು ನಿಂತೊಡನೆ ಕಣ್ಣು ತೆರೆಯುತ್ತದೆ. ಅದೇ ಕೂಸು ನಾಲ್ಕು ವರ್ಷದ್ದಾಗಿ ಅಂಗಳಕ್ಕಿಳಿದಾಗ, ಆಟದ ಸರದಿಯನ್ನೆಣಿಸಲು ಅರ್ಥವಿಲ್ಲದ ಪದಗಳನ್ನು ಪ್ರಾಸಕ್ಕೆ ಪ್ರಾಸ ಕೂಡಿಸಿ ಹೇಳುತ್ತದೆ. ಯಾರೂ ಅದಕ್ಕೆ ಛಂದಸ್ಸನ್ನು ಕಲಿಸಿರುವುದಿಲ್ಲ. ಹೀಗೆ ನಾದದೊಡನೆಯೇ ಬೆಳೆದ ಮಗು ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಪದ್ಯಪಾಠವೆಂದರೆ ಬೆದರಿ ಹಿಂದಿನ ಬೆಂಚನ್ನು ಹುಡುಕುವುದೇಕೆ ಎಂಬುದು ವಿಚಾರಿಸತಕ್ಕ ವಿಷಯ.

ದೋಷ ಮಗುವಿನದಲ್ಲ. ಪದ್ಯವನ್ನು ತರಗತಿಯಲ್ಲಿ ಎದುರಿಸುವ ಕ್ರಮವೇ ತಲೆಕೆಳಗಾಗಿದೆ. ಮೊದಲು ಕವಿಪರಿಚಯ, ಬಳಿಕ ಕಠಿಣ ಪದಗಳ ಅರ್ಥ, ಅನಂತರ ಸಾರಾಂಶ, ಕೊನೆಗೆ ‘ಸಂದರ್ಭದೊಡನೆ ವಿವರಿಸಿ’. ಇವೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಪದ್ಯವನ್ನು ಒಮ್ಮೆ ಓದುವುದುಂಟು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವ ವಿದ್ಯಾರ್ಥಿ ಲಘುವಿಗೊಂದು ಬಾಗುಗೆರೆ, ಗುರುವಿಗೊಂದು ಅಡ್ಡಗೆರೆ ಎಳೆದು ಪೂರ್ಣಾಂಕ ಪಡೆಯುತ್ತಾನೆ. ಮೂರು ನಾಲ್ಕರ ಆ ನಡೆಯನ್ನು ಮಾತ್ರ ಅವನ ಕಿವಿ ಒಮ್ಮೆಯೂ ಕೇಳಿರುವುದಿಲ್ಲ. ಅಡುಗೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಊಟಕ್ಕೆ ಬಡಿಸದೆ ಕಳುಹಿಸಿದಂತಾಯಿತು.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ಹಿರಿಯರು ಈ ಕ್ರಮವನ್ನು ಒಪ್ಪುವವರಾಗಿರಲಿಲ್ಲ. ‘ಕವಿಶಿಷ್ಯ’ನೆಂಬ ಹೆಸರಿನಿಂದ ಬರೆದ ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಮಕ್ಕಳ ನಡುವೆಯೇ ಬಾಳಿದವರು. ಅವರ ‘ತೆಂಕಣ ಗಾಳಿಯಾಟ’ವನ್ನು ಗಟ್ಟಿಯಾಗಿ ಓದಿದರೆ ಸಾಕು, ಅರ್ಥ ಹೇಳುವುದಕ್ಕೆ ಮೊದಲೇ ತರಗತಿಯೊಳಗೆ ಗಾಳಿ ನುಗ್ಗುತ್ತದೆ. ಜಿ.ಪಿ. ರಾಜರತ್ನಂ ಅವರು ಎಂ.ಎ. ಮುಗಿಸಿದ ಮೇಲೆ ಕೆಲಕಾಲ ಶಿಶುವಿಹಾರದಲ್ಲಿ ಕಲಿಸಿದರು; ‘ತುತ್ತೂರಿ’ಯ ಪದ್ಯಗಳ ಹಿಂದಿರುವುದು ಆ ಪುಟ್ಟ ಮಕ್ಕಳ ಸಹವಾಸ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲವಾದ ಇಂಗ್ಲಿಷ್ ಕವಿತೆಯ ಕಥೆಯೂ ಇಲ್ಲಿ ನೆನೆಯತಕ್ಕದ್ದೇ. 1842ರಲ್ಲಿ ಅಚ್ಚಾದ ಆ ಕವಿತೆಯನ್ನು ರಾಬರ್ಟ್ ಬ್ರೌನಿಂಗ್ ಬರೆದದ್ದು ಕಾಯಿಲೆಯಿಂದ ಮಲಗಿದ್ದ ಗೆಳೆಯನ ಮಗನಿಗಾಗಿ; ಆ ಹುಡುಗನಿಗೆ ಚಿತ್ರ ಬರೆಯುವ ಹವ್ಯಾಸವಿತ್ತು, ಬರೆಯಲು ವಸ್ತು ಬೇಕಾಗಿತ್ತು. ಸಾರಾಂಶ ಕೇಳಲು ಅಲ್ಲಿ ಯಾರೂ ಇರಲಿಲ್ಲವೆಂಬುದು ಆ ಬಾಲಕನ ಪುಣ್ಯ.

ಆದುದರಿಂದ ಮೊದಲು ಬೇಕಾದದ್ದು ಕೇಳ್ಮೆ. ಉಪಾಧ್ಯಾಯರು ಪುಸ್ತಕ ಮುಚ್ಚಿಸಿ, ಪದ್ಯವನ್ನು ಎರಡು ಮೂರು ಸಲ ಚೆನ್ನಾಗಿ ಓದಬೇಕು. ಗಮಕ ಬಲ್ಲವರಾದರೆ ಸರಿಯೇ. ಬಾರದಿದ್ದರೆ ನಿಧಾನವಾದ ಸ್ಪಷ್ಟ ಓದು ಸಾಕು. ಛಂದಸ್ಸನ್ನಾದರೂ ಕೈಚಪ್ಪಾಳೆಯಿಂದಲೇ ಆರಂಭಿಸಬಹುದು.

ಅಟ್ಟದ ಮೇಲಿನ ಬೆಕ್ಕಿನ ಕಣ್ಣು

ಎಂದು ಕರಿಹಲಗೆಯ ಮೇಲೆ ಬರೆದು ‘ತಕಧಿಮಿ’ ಎಂದು ತಟ್ಟಿಸಿದರೆ ನಾಲ್ಕು ನಾಲ್ಕು ಮಾತ್ರೆಯ ನಡೆ ಕೈಗೇ ತಿಳಿಯುತ್ತದೆ. ಕೊನೆಯಲ್ಲಿ ಒಂದು ಮಾತ್ರೆ ಕಡಿಮೆಯಲ್ಲವೇ? ಅಲ್ಲಿ ಮಗು ತಾನಾಗಿ ಉಸಿರು ತೆಗೆದುಕೊಳ್ಳುತ್ತದೆ. ಕೊರತೆಯನ್ನು ಮೌನ ತುಂಬುತ್ತದೆ.

ಹೊಲದಾಚೆ ಹುಣಸೆಮರ ನೆರಳಾಗಿ ನಿಂತಿಹುದು

ಎಂಬಲ್ಲಿ ‘ತಕತಕಿಟ’ ಎಂದು ಐದರ ತೂಗಾಟ. ಈ ಎರಡು ಸಾಲುಗಳ ಅಂತರವನ್ನು ಕೈಯಿಂದ ಅರಿತ ಮಕ್ಕಳಿಗೆ ಬಾಗುಗೆರೆ ಅಡ್ಡಗೆರೆಗಳು ಮುಂದೆ ಭಾರವೆನಿಸುವುದಿಲ್ಲ.

ಆಸ್ವಾದನೆಯಿಂದ ರಚನೆಗೆ ಹೋಗುವ ದಾರಿ ಹಲವರು ಭಾವಿಸುವಷ್ಟು ದೂರವಿಲ್ಲ. ಒಗಟು ಅದರ ಮೊದಲ ಮೆಟ್ಟಿಲು. ವಸ್ತುವಿನ ಹೆಸರು ಹೇಳದೆ ವಸ್ತುವನ್ನು ಕಾಣಿಸುವುದು ಒಗಟಿನ ಕೆಲಸ. ಅಲಂಕಾರಶಾಸ್ತ್ರದ ರೂಪಕಕ್ಕೂ ಅದಕ್ಕೂ ಹತ್ತಿರದ ನಂಟು. ‘ಇಳಿಯುವಾಗ ಬಡಬಡಿಸುತ್ತಾನೆ, ಏರುವಾಗ ಅಳುತ್ತಾನೆ’ ಎಂದರೆ ಬಾವಿಯ ಕೊಡವೆಂದು ಊಹಿಸಲು ಮಕ್ಕಳಿಗೆ ಹೆಚ್ಚು ಹೊತ್ತು ಬೇಕಾಗದು. ಬಳಿಕ ತಮ್ಮ ಮನೆಯ ಬೀಸುವ ಕಲ್ಲಿಗೋ ಸೈಕಲ್ಲಿಗೋ ತಾವೇ ಒಗಟು ಕಟ್ಟಲಿ. ಕವಿತೆ ಬರೆಯಿರೆಂದರೆ ಪೆನ್ಸಿಲ್ ಕಚ್ಚುವವರೂ ಒಗಟೆಂದರೆ ಮುಂದೆ ಬರುತ್ತಾರೆ.

ಕೂಡಿ ಬರೆಯುವುದು ಇನ್ನೊಂದು ದಾರಿ. ಅಮೆರಿಕದ ಕವಿ ಕೆನೆತ್ ಕಾಕ್ 1968ರಲ್ಲಿ ನ್ಯೂಯಾರ್ಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕವಿತೆ ಕಲಿಸತೊಡಗಿದಾಗ, ಪ್ರತಿಯೊಂದು ಮಗುವೂ ‘ನನಗೊಂದು ಆಸೆ’ ಎಂಬರ್ಥದ ಮಾತಿನಿಂದ ಆರಂಭವಾಗುವ ಒಂದೇ ಒಂದು ಸಾಲನ್ನು ಬರೆಯಬೇಕು, ಅದರಲ್ಲಿ ಒಂದು ಬಣ್ಣವೂ ಒಂದು ಊರು ಅಥವಾ ದೇಶದ ಹೆಸರೂ ಚಿತ್ರಕಥೆಯ ಒಬ್ಬ ನಾಯಕನೂ ಬರಬೇಕು ಎಂದು ನಿಯಮಿಸಿದರು. ಎಲ್ಲ ಚೀಟಿಗಳನ್ನು ಕೂಡಿಸಿ ಓದಿದಾಗ ತರಗತಿಗೆ ತರಗತಿಯೇ ಕವಿಯಾಯಿತು. ಪ್ರಾಸ ಬೇಡವೆಂದೂ ಅವರು ಹೇಳಿದರು. ಇದು ಕನ್ನಡದ ಮಕ್ಕಳಿಗೂ ಸಲ್ಲುವ ಮಾತು. ಅಂತ್ಯಪ್ರಾಸದ ಬೆನ್ನು ಹತ್ತಿದ ಮಗು ‘ಹೂವು’ ಎಂದೊಡನೆ ‘ನೋವು’ ಎಂದು ಬರೆಯುತ್ತದೆ, ಅಲ್ಲಿ ನೋವಿದ್ದರೂ ಇಲ್ಲದಿದ್ದರೂ. ಪ್ರಾಸ ಆಟವಾಗಿ ಇರಲಿ, ಕಟ್ಟಳೆಯಾಗುವುದು ಬೇಡ. ಕಾಕ್ ಅವರ ಈ ಪ್ರಯೋಗದ ಪುಸ್ತಕ 1970ರಲ್ಲಿ ಹೊರಬಂದಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಮಗುವಿನ ಮೊದಲ ಸಾಲು ಉಪಾಧ್ಯಾಯರ ಮೇಜಿಗೆ ಬರುವ ಗಳಿಗೆ. ಉತ್ತರ ಕರ್ನಾಟಕದ ಒಂದು ಹಳ್ಳಿಯ ಬಾಲಕ ಹೀಗೆ ಬರೆದು ತಂದನೆನ್ನೋಣ:

ನಮ್ಮ ಎತ್ತು ನಿದ್ದಿಗಣ್ಣಾಗ
ಚಂದ್ರನ್ನ ಮೆಲಕ ಹಾಕತೈತಿ

ಕೆಂಪು ಶಾಯಿ ಸಿದ್ಧವಾಗಿದೆ. ‘ನಿದ್ದೆಗಣ್ಣಿನಲ್ಲಿ’, ‘ಚಂದ್ರನನ್ನು’, ‘ಮೆಲುಕು ಹಾಕುತ್ತಿದೆ’ ಎಂದು ತಿದ್ದಿದರೆ ವ್ಯಾಕರಣಕ್ಕೆ ತೃಪ್ತಿ. ಎತ್ತಿನ ದವಡೆಯ ಆ ಮಂದಗತಿ ಮಾತ್ರ ಮಾಯ. ‘ಎತ್ತು ಚಂದ್ರನನ್ನು ತಿನ್ನುವುದುಂಟೇನೋ?’ ಎಂದು ಕೇಳಿ ತರಗತಿಯನ್ನು ನಗಿಸಿದರಂತೂ ಆ ಹುಡುಗ ಮತ್ತೆ ಬರೆಯಲಾರ. ಬೆಳದಿಂಗಳ ಹಟ್ಟಿಯಲ್ಲಿ ಅರೆಗಣ್ಣು ಮುಚ್ಚಿ ಮಲಗಿದ ಎತ್ತನ್ನು ಅವನು ನಿಜವಾಗಿ ಕಂಡಿದ್ದಾನೆ. ಕಂಡದ್ದನ್ನು ಅವ್ವನ ಮಾತಿನಲ್ಲಿ ಹೇಳಿದ್ದಾನೆ. ಆ ಮಾತೇ ತಪ್ಪೆಂದರೆ ಅವನಿಗೆ ಕೇಳಿಸುವುದು ತನ್ನ ಮನೆಯೇ ತಪ್ಪೆಂಬಂತೆ. ಧಾರವಾಡದ ಮನೆಮಾತಿನ ಗತ್ತನ್ನು ಕಾವ್ಯಕ್ಕೇರಿಸಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಪ್ರಶಸ್ತಿ ಸಂದಿತು. ರಾಜರತ್ನಂ ‘ರತ್ನನ ಪದಗಳು’ ಬರೆದದ್ದು ಓದುಬರಹವಿಲ್ಲದವನ ಬಾಯ ಮಾತಿನಲ್ಲಿಯೇ. ದೊಡ್ಡವರಿಗೆ ಭೂಷಣವಾದದ್ದು ಚಿಕ್ಕವನಿಗೆ ದೂಷಣವಾಗುವುದು ನ್ಯಾಯವಲ್ಲ.

ಹಾಗೆಂದು ಶಿಷ್ಟಭಾಷೆಯನ್ನು ಕಲಿಸಬಾರದೆಂದಲ್ಲ. ಪ್ರಬಂಧಕ್ಕೆ, ಪತ್ರಲೇಖನಕ್ಕೆ ಅದು ಬೇಕೇ ಬೇಕು. ಆ ತಿದ್ದುಪಡಿಗೆ ಬೇರೆ ಗಂಟೆಗಳಿವೆ. ಕವಿತೆಯ ಗಂಟೆಯಲ್ಲಿ ಉಪಾಧ್ಯಾಯರು ಕೇಳಬೇಕಾದ ಪ್ರಶ್ನೆ ‘ನೀನು ಇದನ್ನು ಎಲ್ಲಿ ನೋಡಿದೆ?’ ಎಂಬುದು. ಉತ್ತರ ಹೇಳುತ್ತ ಹೇಳುತ್ತ ಮಗು ಮೂರನೆಯ ಸಾಲನ್ನು ತಾನೇ ಕಂಡುಕೊಳ್ಳುತ್ತದೆ. ಸ್ಪರ್ಧೆಗೆಂದು ಹಿರಿಯರು ಬರೆದುಕೊಟ್ಟು ಮಗುವಿನ ಹೆಸರು ಹಾಕುವ ಪದ್ಧತಿಯೂ ಉಂಟು. ಅಲ್ಲಿ ಬಹುಮಾನ ಬರುವುದು ಹಿರಿಯರಿಗೆ, ನಾಚಿಕೆ ಉಳಿಯುವುದು ಮಗುವಿಗೆ.

ಮಕ್ಕಳು ಬರೆದದ್ದಕ್ಕೆ ಅಂಕ ಬೇಡ, ಓದುಗರು ಬೇಕು. ಶಾಲೆಯ ಕೈಬರಹದ ಪತ್ರಿಕೆ, ಗೋಡೆಪತ್ರಿಕೆಗಳು ಅದಕ್ಕೆ ಯೋಗ್ಯ ಸ್ಥಳ. ಸುಂದರ ಅಕ್ಷರದವರು ಪ್ರತಿ ಮಾಡಲಿ, ಚಿತ್ರ ಬಲ್ಲವರು ಅಂಚಿಗೆ ಎತ್ತನ್ನೂ ಚಂದ್ರನನ್ನೂ ಬರೆಯಲಿ. ‘ನಿದ್ದಿಗಣ್ಣಾಗ’ ಎಂಬುದು ಹಾಗೆಯೇ ಇರಲಿ. ವಿದ್ಯಾರ್ಥಿನಿಲಯದಲ್ಲಿರುವ ಬೇರೆ ಜಿಲ್ಲೆಯ ಬಾಲಕರಿಗೆ ತಿಳಿಯದಿದ್ದರೆ ಪುಟದ ಅಡಿಯಲ್ಲಿ ಅರ್ಥ ಕೊಟ್ಟರಾಯಿತು, ಪಠ್ಯಪುಸ್ತಕದಲ್ಲಿ ಪಂಪನಿಗೆ ಕೊಡುವಂತೆ.