ಸಕ್ಕರೆ ಅಂಕಿ ಸಾಲದು, ವೈದ್ಯರ ಮಾತು ಬೇಕು

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ ಬೆಂಗಳೂರಿನಲ್ಲಿ ಕೂತು ಕೋಡ್ ಹಾಕುವುದು ನನ್ನ ಕೆಲಸ. ಸಕ್ಕರೆ ಹೆಚ್ಚಾದ ಕೇಸುಗಳಲ್ಲಿ ಕಲಿತದ್ದನ್ನು ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳಬೇಕೆನಿಸಿದೆ.

1. ಲ್ಯಾಬ್ ರಿಪೋರ್ಟ್ ನೋಡಿ ಕೋಡ್ ಹಾಕಬೇಡಿ. ಗ್ಲೂಕೋಸ್ 312 ಇರಲಿ, ಎಚ್‌ಬಿಎ1ಸಿ 9 ದಾಟಿರಲಿ, ಅದಕ್ಕೊಂದು ಅರ್ಥ ಹೇಳಬೇಕಾದವರು ವೈದ್ಯರು. ಅವರು ಬರೆಯದೇ ಇದ್ದುದನ್ನು ನಾವು ಊಹಿಸುವಂತಿಲ್ಲ.

2. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ವೈದ್ಯರು ಹೈಪರ್‌ಗ್ಲೈಸೀಮಿಯಾ (ರಕ್ತದಲ್ಲಿ ಸಕ್ಕರೆ ಏರಿಕೆ) ಎಂದಷ್ಟೇ ಬರೆದರೆ ಆರ್73.9. ಟೈಪ್ 2 ಡಯಾಬಿಟಿಸ್ ಜೊತೆಗೆ ಅದೂ ಇದೆ ಎಂದರೆ ಇ11.65. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಡಯಾಬಿಟಿಸ್ ಯಾವ ಟೈಪ್ ಎಂದು ಬರೆಯದಿದ್ದರೆ ನಿಯಮದಂತೆ ಟೈಪ್ 2.

3. ಹೆಚ್ಚು ತೊಡಕಾಗುವುದು ‘ಅನ್‌ಕಂಟ್ರೋಲ್ಡ್ ಡಯಾಬಿಟಿಸ್’ ಎಂದಷ್ಟೇ ಬರೆದಾಗ. ಹಳೆಯ ಕೋಡ್ ಪಟ್ಟಿಯಾದ ಐಸಿಡಿ-9ರಲ್ಲಿ ಅದಕ್ಕೇ ಕೋಡ್ ಇತ್ತು. 2015ರ ಅಕ್ಟೋಬರ್ 1ರಿಂದ ಐಸಿಡಿ-10-ಸಿಎಂ ಬಂದ ಮೇಲೆ, ಸಕ್ಕರೆ ಏರಿದ್ದೋ ಇಳಿದದ್ದೋ ಎಂಬುದು ಚಾರ್ಟ್‌ನಲ್ಲಿ ಇರಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಎರಡೂ ಆಗಬಹುದಲ್ಲ! ‘ಪೂರ್ಲಿ ಕಂಟ್ರೋಲ್ಡ್’ ಎಂದಿದ್ದರೆ ಕೋಡ್ ಪುಸ್ತಕದ ಇಂಡೆಕ್ಸ್ ನೇರವಾಗಿ ಹೈಪರ್‌ಗ್ಲೈಸೀಮಿಯಾಕ್ಕೆ ಕರೆದೊಯ್ಯುತ್ತದೆ. ಬರೀ ‘ಅನ್‌ಕಂಟ್ರೋಲ್ಡ್’ ಎಂದಿದ್ದರೆ ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೋರುವ ಪ್ರಶ್ನೆ, ಕಳಿಸಿ. ಅದರಲ್ಲಿ ‘ಇದು ಹೈಪರ್‌ಗ್ಲೈಸೀಮಿಯಾ ತಾನೇ?’ ಎಂದು ಉತ್ತರವನ್ನು ಬಾಯಿಗಿಡಬೇಡಿ. ಲ್ಯಾಬ್ ಅಂಕಿ, ಕೊಟ್ಟ ಔಷಧ ಇಷ್ಟನ್ನು ಕಾಣಿಸಿ, ಸಕ್ಕರೆ ಏರಿತ್ತೇ, ಇಳಿದಿತ್ತೇ, ಬೇರೇನಾದರೂ ಇದೆಯೇ, ಹೇಳಲಾಗುವುದಿಲ್ಲವೇ ಎಂಬ ಆಯ್ಕೆಗಳನ್ನು ಕೊಟ್ಟು ಬಿಟ್ಟುಬಿಡಿ. ಕ್ವೆರಿಗೆ ಬೇಸರಪಡುವ ವೈದ್ಯರೂ ಇದ್ದಾರೆ. ಆದರೂ ಕೇಳಿ.

4. ಇನ್ಸುಲಿನ್ ಕಂಡ ಕೂಡಲೇ ಝಡ್79.4 ಬೇಡ. ಅದು ದೀರ್ಘಕಾಲದ ಬಳಕೆಗೆ ಮಾತ್ರ. ಆಸ್ಪತ್ರೆಯಲ್ಲಿದ್ದಷ್ಟು ದಿನ ಸಕ್ಕರೆ ಇಳಿಸಲು ಕೊಟ್ಟದ್ದಕ್ಕೆ ಸಲ್ಲದು.

5. ಸ್ಟೆರಾಯ್ಡ್ ಕೇಸುಗಳಲ್ಲಿ ನಿಧಾನಿಸಿ. ಆಸ್ತಮಾಕ್ಕೆಂದು ದಾಖಲಾದವರಿಗೆ ಪ್ರೆಡ್ನಿಸೋನ್ ಶುರುವಾಗುತ್ತದೆ, ಮರುದಿನ ಸಕ್ಕರೆ 240, ನಾಲ್ಕು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿದ ದಾಖಲೆ. ಹಿಂದೆ ಡಯಾಬಿಟಿಸ್ ಇರಲಿಲ್ಲ. ವೈದ್ಯರು ‘ಸ್ಟೆರಾಯ್ಡ್‌ನಿಂದಾದ ಹೈಪರ್‌ಗ್ಲೈಸೀಮಿಯಾ’ ಎಂದು ಬರೆದಿದ್ದರೆ ಆರ್73.9, ಜೊತೆಗೆ ಔಷಧದ ಅಡ್ಡಪರಿಣಾಮಕ್ಕೆ ಟಿ38ರ ಗುಂಪಿನ ಕೋಡ್. ಔಷಧದಿಂದಲೇ ಡಯಾಬಿಟಿಸ್ ಬಂದಿದೆ ಎಂದು ಸ್ಪಷ್ಟವಾಗಿ ಬರೆದರೆ ಮಾತ್ರ ಇ09. ಆತುರಕ್ಕೆ ಇ11 ಹಾಕಿಬಿಟ್ಟರೆ, ಸ್ಟೆರಾಯ್ಡ್ ನಿಂತು ಸಕ್ಕರೆ ಇಳಿದ ಮೇಲೂ ಆ ಮನುಷ್ಯ ದಾಖಲೆಯಲ್ಲಿ ಡಯಾಬಿಟಿಸ್ ರೋಗಿಯಾಗಿಯೇ ಉಳಿಯುತ್ತಾರೆ. ಮುಂದಿನ ವೈದ್ಯರು ಅದನ್ನೇ ಓದುತ್ತಾರೆ.